ಆರನೇ ಕುಳಿಯ ಹನ್ನೆರಡು ಗಜ

ಮಂಗಲ ಹದಿನಾಲ್ಕು ವರ್ಷಗಳಲ್ಲಿ ಸಾವಿರದ ನೂರಕ್ಕೂ ಹೆಚ್ಚು ಗಾಲ್ಫ್ ಮೈದಾನಗಳ ನಕಾಶೆ ಬರೆದಿದ್ದಳು. ಅವುಗಳಲ್ಲಿ ಒಂದರ ಮೇಲೂ ಕಾಲಿಟ್ಟಿರಲಿಲ್ಲ.

ಇಚಲಕರಂಜಿಯಲ್ಲಿ ಮಾಣಿಕಬಾಯಿ ಎಂಬ ಜೈನ ಮುದುಕಿಯ ಮನೆಯ ಮಾಳಿಗೆಯಲ್ಲಿ ಅವಳದೊಂದು ಬಾಡಿಗೆ ಕೋಣೆ. ಗೋಡೆಯಾಚೆ ಪಕ್ಕದವರ ಮಗ್ಗದ ಶೆಡ್ಡು. ಬೆಳಿಗ್ಗೆ ಒಂಬತ್ತಕ್ಕೆ ಕಂಪ್ಯೂಟರಿನ ಮುಂದೆ ಕೂತರೆ ಸಂಜೆಯವರೆಗೂ ಅವಳ ಕೆಲಸ ಒಂದೇ, ಉಪಗ್ರಹ ತೆಗೆದ ಚಿತ್ರದ ಮೇಲೆ ಗೆರೆ ಎಳೆಯುವುದು. ಆಟಗಾರ ಚೆಂಡು ಹೊಡೆಯಲು ನಿಲ್ಲುವ ಕಟ್ಟೆ ಎಲ್ಲಿದೆ, ಚೆಂಡು ಕೊನೆಗೆ ಬೀಳಬೇಕಾದ ಕುಳಿ ಮತ್ತು ಅದರ ಸುತ್ತಲಿನ ನುಣುಪು ಹುಲ್ಲು ಎಲ್ಲಿದೆ, ನಡುವೆ ಮರಳುಗುಂಡಿ ಎಷ್ಟು, ನೀರು ಎಷ್ಟು, ಮರ ಎಷ್ಟು, ಒಂದರಿಂದ ಇನ್ನೊಂದಕ್ಕೆ ಎಷ್ಟು ಗಜ. ಅವಳು ಎಳೆದ ಗೆರೆ ಯಾವುದೋ ವಿದೇಶಿ ಕಂಪನಿಗೆ ಹೋಗಿ, ಅಲ್ಲಿಂದ ಆಟಗಾರರ ಕೈಗಡಿಯಾರಕ್ಕೆ ಇಳಿಯುತ್ತಿತ್ತು. ಗಡಿಯಾರ ತಾನಿರುವ ಜಾಗವನ್ನು ಉಪಗ್ರಹದಿಂದ ತಿಳಿದುಕೊಂಡು, ಕುಳಿ ಇನ್ನು ಇಷ್ಟು ಗಜ ದೂರ ಎಂದು ತೋರಿಸುತ್ತಿತ್ತು. ಪ್ರತಿ ಕುಳಿಗೂ ನಾಲ್ಕು ಸಾಲು ಸಲಹೆ ಬರೆಯುವುದೂ ಅವಳದೇ ಕೆಲಸ. ಬಲಕ್ಕೆ ನೀರಿದೆ, ಎಡಕ್ಕೆ ಗುರಿಯಿಡಿ. ದೂರ ಹೊಡೆಯಲಾಗದವರು ಹಳ್ಳದ ಈಚೆಗೇ ಚೆಂಡು ನಿಲ್ಲಿಸಿ, ಎರಡನೇ ಹೊಡೆತದಲ್ಲಿ ದಾಟಿಸಿ. ಒಂದು ದಿನವೂ ಕೋಲು ಹಿಡಿಯದ ಹೆಂಗಸು ಬರೆದ ಸಲಹೆ ಓದಿಕೊಂಡು ಎಲ್ಲೆಲ್ಲಿಯದೋ ಜನ ಆಡುತ್ತಿದ್ದರು. ಅವಳ ಹೆಸರು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮೇಲಿನಿಂದ ತೆಗೆದ ಚಿತ್ರದಲ್ಲಿ ಮನುಷ್ಯರು ಕಾಣುವುದು ಕಡಿಮೆ. ಕಂಡರೂ ಒಂದು ಚುಕ್ಕೆ, ಚುಕ್ಕೆಗೆ ಅಂಟಿದ ಒಂದು ನೆರಳು. ಒಮ್ಮೆ ಸಮುದ್ರದಂಡೆಯ ಮೈದಾನವೊಂದರಲ್ಲಿ ಹಾಗೆ ಒಂದೇ ಒಂದು ಚುಕ್ಕೆ ನಿಂತಿತ್ತು. ಆ ಮೈದಾನ ಮುಗಿಸಲು ಅವಳಿಗೆ ಮೂರು ದಿನ ಹಿಡಿಯಿತು. ಮೂರು ದಿನವೂ ಚುಕ್ಕೆ ಅಲ್ಲೇ ಇತ್ತು. ನಾಲ್ಕನೆಯ ದಿನ ಬೇರೆ ಮೈದಾನ ತೆರೆದಾಗ, ಯಾರನ್ನೋ ಹೇಳದೆ ಕೇಳದೆ ಬಿಟ್ಟು ಬಂದಂತೆ ಅವಳಿಗೆ ಕಸಿವಿಸಿಯಾಯಿತು. ಇದನ್ನು ಯಾರಿಗಾದರೂ ಹೇಳಬೇಕು ಅನ್ನಿಸಿತು. ಯಾರಿಗೆ ಎಂದು ಯೋಚಿಸಿದರೆ ಒಬ್ಬರೂ ನೆನಪಾಗಲಿಲ್ಲ.

ಅವಳು ಗಡಹಿಂಗ್ಲಜದ ಆಚೆಗಿನ ಗಡಿ ಹಳ್ಳಿಯವಳು. ತಂದೆ ಮಲ್ಲಾರಿಗೆ ಎಂಬತ್ತು ಕುರಿ. ಹತ್ತು ವರ್ಷದವಳಾಗುವವರೆಗೂ, ಮಳೆಗಾಲ ಮುಗಿಯುತ್ತಲೇ ತಂದೆ ತಾಯಿಯ ಜೊತೆ ಹಿಂಡಿನ ಹಿಂದೆ ಊರೂರು ನಡೆದವಳು. ಹುಲ್ಲಿನ ಬಣ್ಣ ನೋಡಿ ಅದರಡಿ ಕಲ್ಲಿದೆಯೋ ಕರಿಮಣ್ಣಿದೆಯೋ, ನೆಲ ಹಳೆಯದೋ ಹೊಸದಾಗಿ ತುಂಬಿದ್ದೋ ಹೇಳುವುದನ್ನು ತಂದೆ ಕಲಿಸಿದ್ದ. ಸೋದರಮಾವ ಹಟ ಹಿಡಿದು ಅವಳನ್ನು ಶಾಲೆಗೆ ಹಾಕಿಸಿದ. ಗಡಹಿಂಗ್ಲಜದ ಐಟಿಐಯಲ್ಲಿ ನಕಾಶೆ ಬರೆಯುವುದನ್ನು ಕಲಿತಳು. ಇಪ್ಪತ್ತೆರಡಕ್ಕೆ ಹಲಕರ್ಣಿಯ ಕಡೆಗೆ ಮದುವೆಯಾಯಿತು, ಎರಡು ವರ್ಷಕ್ಕೆ ಅದು ಮುಗಿಯಿತು. ಗಂಡನಾದವನು ಕೆಟ್ಟವನಲ್ಲ, ಅವನ ಮನಸ್ಸು ಮೊದಲಿನಿಂದಲೂ ಬೇರೆ ಕಡೆ ಇತ್ತು. ಇದನ್ನು ಯಾರು ಕೇಳಿದರೂ ಮಂಗಲ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಿದ್ದಳು. ಬರಬರುತ್ತ ಕೇಳುವವರೂ ಇಲ್ಲವಾದರು.

ಇಚಲಕರಂಜಿಯಲ್ಲಿ ಕೇತನ ಎಂಬವನು ನಕಾಶೆ ಬರೆಯುವ ಕಚೇರಿ ತೆರೆದಾಗ ಅವಳೂ ಸೇರಿ ಆರು ಜನ ಹುಡುಗಿಯರು ಸೇರಿಕೊಂಡಿದ್ದರು. ಮಧ್ಯಾಹ್ನ ಆರು ಡಬ್ಬಿಗಳು ಒಟ್ಟಿಗೆ ತೆರೆಯುತ್ತಿದ್ದವು. ಒಬ್ಬಳಿಗೆ ಮದುವೆ, ಇನ್ನೊಬ್ಬಳಿಗೆ ಬಾಣಂತನ, ಮತ್ತೊಬ್ಬಳಿಗೆ ಜಯಸಿಂಗಪುರದಲ್ಲಿ ಶಾಲೆಯ ಕೆಲಸ, ಹೀಗೆ ಐದೂ ಡಬ್ಬಿ ಕಡಿಮೆಯಾದವು. ಕೊನೆಗೆ ಕೇತನನೇ ಪುಣೆಗೆ ಹೊರಟುನಿಂತು, "ಮಂಗಲತಾಯಿ, ನೀವು ಮನ್ಯಾಗ ಕುಂತ ಮಾಡ್ರಿ, ಕೆಲಸ ನಾ ಕಳಸ್ತೇನಿ" ಅಂದ. ಅಂದಿನಿಂದ ಏಳು ವರ್ಷ ಅವಳು ಮಾಳಿಗೆಯಲ್ಲಿ ಒಬ್ಬಳೇ ಕೂತು ಊಟ ಮಾಡಿದಳು. ಈಗ ಅವಳಿಗೆ ನಲವತ್ತೆರಡು.

ಪ್ರತಿ ಸೋಮವಾರ ಕಂಪನಿಯಿಂದ ತಕರಾರಿನ ಪಟ್ಟಿ ಬರುತ್ತಿತ್ತು. ಯಾವ ಗಡಿಯಾರ ಎಲ್ಲಿ ತಪ್ಪು ತೋರಿಸಿತು ಎಂದು ಆಟಗಾರರು ಬರೆದುಕೊಂಡದ್ದು. ಹೋದ ವರ್ಷ ದೀಪಾವಳಿ ಕಳೆದ ಮೇಲೆ ಬಂದ ಪಟ್ಟಿಯಲ್ಲಿ ಕೊಲ್ಹಾಪುರದ ಹೆಸರು ನೋಡಿ ಅವಳಿಗೆ ಆಶ್ಚರ್ಯವಾಯಿತು. ಊರ ಹೊರಗಿನ ಒಂಬತ್ತೇ ಕುಳಿಯ ಆ ಚಿಕ್ಕ ಮೈದಾನವನ್ನು ಅವಳು ಅರ್ಧ ದಿನದಲ್ಲಿ ಬರೆದು ಮುಗಿಸಿದ್ದಳು. ತಕರಾರು ಇಂಗ್ಲಿಷಿನಲ್ಲಿತ್ತು: ಆರನೇ ಕುಳಿಗೆ ನಿಮ್ಮ ಗಡಿಯಾರ ನೂರಾ ಮೂವತ್ತು ಗಜ ತೋರಿಸುತ್ತದೆ. ಅದು ನೂರಾ ಹದಿನೆಂಟು. ಜಿನಗೊಂಡ ಎಂದೂ ತಪ್ಪಿದವನಲ್ಲ. ಸರಿಪಡಿಸಿ.

ಜಿನಗೊಂಡ ಯಾರೆಂದು ಬರೆದಿರಲಿಲ್ಲ. ಮಂಗಲ ಚಿತ್ರ ತೆರೆದು ಅಳೆದಳು. ನೂರಾ ಮೂವತ್ತೇ. ನಕಾಶೆ ಸರಿಯಾಗಿದೆ ಎಂದು ಉತ್ತರಿಸಿದಳು. ಮರು ಸೋಮವಾರ ಅದೇ ತಕರಾರು. ಅದರ ಮರು ಸೋಮವಾರವೂ ಅದೇ. ನಾಲ್ಕನೆಯದರ ಕೆಳಗೆ ಒಂದು ಫೋನ್ ನಂಬರಿತ್ತು, ಆಬಾಸಾಹೇಬ ಎಂಬ ಹೆಸರಿತ್ತು.

ಅವಳು ಫೋನ್ ಮಾಡಿ ಮರಾಠಿಯಲ್ಲಿ ಮಾತು ಶುರುಮಾಡಿದಳು. ಆ ಕಡೆಯ ವಯಸ್ಸಾದ ದನಿ ಸ್ವಲ್ಪ ಹೊತ್ತು ಕೇಳಿಸಿಕೊಂಡು, ನಡುವೆಯೇ ಕನ್ನಡಕ್ಕೆ ಹೊರಳಿತು.

"ನೀವು ಗಡಹಿಂಗ್ಲಜ ಕಡೇದವರೇನ್ರಿ?"

"ಹೌದ್ರಿ. ಹೆಂಗ ಗೊತ್ತಾತ್ರಿ?"

"ನಿಮ್ಮ ಮರಾಠಿ ಹೇಳ್ತೈತಿ. ನಮ್ಮ ಜಿನಗೊಂಡನ ಮರಾಠಿನೂ ಹಿಂಗ ಇತ್ತು."

ಆಬಾಸಾಹೇಬರು ಜಯಸಿಂಗಪುರದ ಕಡೆಯ ಜೈನರು. ಕೊಲ್ಹಾಪುರದಲ್ಲಿ ನಲವತ್ತು ವರ್ಷ ನೂಲಿನ ವ್ಯಾಪಾರ ಮಾಡಿ ಈಗ ಬಿಟ್ಟವರು, ಎಪ್ಪತ್ತೆರಡರ ವಯಸ್ಸು. ಜಿನಗೊಂಡ ಅವರ ಗೆಳೆಯ, ಗಡಹಿಂಗ್ಲಜದವನು, ನೀರಾವರಿ ಇಲಾಖೆಯಲ್ಲಿ ಎಂಜಿನಿಯರನಾಗಿದ್ದವನು. ಇಪ್ಪತ್ತೆರಡು ವರ್ಷ ಇಬ್ಬರೂ ಬೆಳಗಿನ ಹೊತ್ತು ಜೊತೆಗೆ ಆಡಿದ್ದರು. ಕಾಲುವೆ ಅಳೆದು ಪಳಗಿದ ಕಣ್ಣು ಅವನದು. ಇಷ್ಟು ಗಜ ಅಂದರೆ ಇಷ್ಟೇ. ಎರಡು ವರ್ಷದ ಹಿಂದೆ ಅವನು ತೀರಿಕೊಂಡ. ದೂರ ಹೇಳುವವರು ಇಲ್ಲದ್ದಕ್ಕೆ ಆಬಾಸಾಹೇಬರು ಗಡಿಯಾರ ಕೊಂಡಿದ್ದರು.

"ಎಂಟ ಕುಳಿಗೆ ಗಡಿಯಾರ ಅವ ಹೇಳಿದ್ದನ್ನ ಹೇಳ್ತೈತ್ರಿ. ಒಂದ ಗಜ ಹಿಂದ ಮುಂದ ಇಲ್ಲ. ಆರನೇದಕ್ಕ ಮಾತ್ರ ಹನ್ನೆರಡ ಗಜ ಹೆಚ್ಚ. ಒಮ್ಮೆ ಬಂದು ನೋಡ್ರೆಲಾ. ಮ್ಯಾಲಿಂದ ನೋಡಿ ಎಷ್ಟಂತ ತಿಳೀತೈತಿ?"

ಹೋಗಬೇಕೆಂದು ಕಂಪನಿಯ ನಿಯಮವೇನೂ ಇರಲಿಲ್ಲ. ಆದರೆ ತಾನು ಬರೆದ ನಕಾಶೆಯ ಬಗ್ಗೆ ಕನ್ನಡದಲ್ಲಿ ಮಾತಾಡಿದ ಮೊದಲ ಮನುಷ್ಯ ಈತ. ಫೋನ್ ಇಟ್ಟಮೇಲೂ ಆ ದನಿ ಕೋಣೆಯಲ್ಲಿ ಸ್ವಲ್ಪ ಹೊತ್ತು ಉಳಿದಂತಿತ್ತು. ಬುಧವಾರ ಬೆಳಿಗ್ಗೆ ಮಂಗಲ ಕಚೇರಿಯ ಕಾಲದ ಅಳತೆಯ ಟೇಪನ್ನು ಚೀಲದಲ್ಲಿ ಹಾಕಿಕೊಂಡು ಕೊಲ್ಹಾಪುರದ ಬಸ್ಸು ಹತ್ತಿದಳು.

ಮೈದಾನದ ಬಾಗಿಲಲ್ಲೇ ಆಬಾಸಾಹೇಬರು ಕಾಯುತ್ತಿದ್ದರು. ತೆಳ್ಳನೆಯ ಆಳು, ಬಿಳಿ ಬಟ್ಟೆಯ ಟೋಪಿ, ಹೆಗಲಿಗೆ ಕೋಲುಗಳ ಚೀಲ. ಒಳಗೆ ಕಾಲಿಟ್ಟಾಗ ಮಂಗಲ ಒಂದು ಗಳಿಗೆ ತಡವರಿಸಿದಳು. ಚಿತ್ರದಲ್ಲಿ ಚಪ್ಪಟೆಯಾಗಿದ್ದ ನೆಲ ಇಲ್ಲಿ ಏರುತ್ತಿತ್ತು, ಇಳಿಯುತ್ತಿತ್ತು. ಇಬ್ಬನಿ ಚಪ್ಪಲಿಯೊಳಗೆ ಇಳಿಯಿತು. ಟಿಟ್ಟಿಭ ಹಕ್ಕಿಯೊಂದು ಅವರಿಬ್ಬರನ್ನು ಕಂಡು ಬೈಯುತ್ತ ಹಾರಿತು. ಎಷ್ಟೋ ವರ್ಷದ ಮೇಲೆ ಹುಲ್ಲಿನ ನಡುವೆ ನಿಂತು ಅವಳು ತಲೆಯೆತ್ತಿ ಆಕಾಶ ನೋಡಿದಳು.

ಆರನೇ ಕುಳಿ ಒಂದು ಇಳಿಜಾರಿನ ಕೊನೆಗಿತ್ತು. ಹೊಡೆಯುವ ಕಟ್ಟೆ, ಅದರ ಪಕ್ಕ ಬಣ್ಣ ಹೋದ ಹಲಗೆ, ಹಲಗೆಯ ಮೇಲೆ 118 ಎಂಬ ಅಂಕಿ. ಆಚೆಗೆ ಕುಳಿಯ ನುಣುಪು ಹುಲ್ಲು, ಅದಕ್ಕೆ ಸ್ವಲ್ಪ ಮುಂಚೆ ಅಡ್ಡಲಾಗಿ ಒಂದು ಹಳ್ಳ.

"ನೋಡ್ರಿ, ಹಲಗಿನೂ ಅದನ್ನ ಹೇಳ್ತೈತಿ" ಅಂದರು ಆಬಾಸಾಹೇಬರು.

ಮಂಗಲ ಟೇಪಿನ ತುದಿಯನ್ನು ಅವರ ಕೈಗೆ ಕೊಟ್ಟು ಹೆಜ್ಜೆ ಹೆಜ್ಜೆಗೂ ಗುರುತು ಹಾಕುತ್ತ ಕುಳಿಯವರೆಗೆ ಹೋದಳು. ವಾಪಸು ಬರುತ್ತ ಮತ್ತೊಮ್ಮೆ ಅಳೆದಳು. ಎರಡು ಸಲವೂ ನೂರಾ ಮೂವತ್ತು ಗಜ. ಅಷ್ಟರಲ್ಲಿ ಹಿಂದಿನಿಂದ ಆಡುತ್ತ ಬಂದ ನಡುವಯಸ್ಸಿನ ಒಬ್ಬರು ಇವರ ಟೇಪು ನೋಡಿ ನಕ್ಕು, ಆ ಹಲಗೆ ತಪ್ಪು, ಇಲ್ಲಿ ಚೆಂಡನ್ನು ಇನ್ನೂ ದೂರ ಒಯ್ಯುವ ದೊಡ್ಡ ಕೋಲು ತೆಗೆದುಕೊಳ್ಳಬೇಕೆಂದು ಎಲ್ಲರಿಗೂ ಗೊತ್ತು ಎಂದು ಮರಾಠಿಯಲ್ಲಿ ಹೇಳಿ ಮುಂದೆ ಹೋದರು.

ಆಬಾಸಾಹೇಬರು ಹಲಗೆಯ ಪಕ್ಕ ನಿಂತೇ ಇದ್ದರು.

"ಎಲ್ಲಾರಿಗೂ ಗೊತ್ತೈತೆಂತ" ಅಂದರು.

ಆಮೇಲೆ ಅವರು ಹೇಳಿದ್ದು ಇದು. ಈ ಕುಳಿಯಲ್ಲಿ ಅವರ ಚೆಂಡು ಪ್ರತಿ ಸಲವೂ ಹಳ್ಳದ ಆಚೆಯ ದಡಕ್ಕೆ ತಾಗಿ ಹಿಂದಕ್ಕೆ ಉರುಳಿ ನೀರಿಗೆ ಬೀಳುತ್ತಿತ್ತು. ಇಬ್ಬರೂ ಜೊತೆಗೆ ಆಡಿದ ಕೊನೆಯ ಏಳು ವರ್ಷ ಒಂದು ಸಲವೂ ದಾಟಿರಲಿಲ್ಲ. ಜಿನಗೊಂಡ ಮಾತ್ರ ಆ ವರ್ಷಗಳಲ್ಲಿ ಇಲ್ಲಿ ಹಳ್ಳದ ಈಚೆಗೇ ಚೆಂಡು ನಿಲ್ಲಿಸಿ, ಎರಡನೇ ಹೊಡೆತಕ್ಕೆ ದಾಟಿಸುತ್ತಿದ್ದ. ದಿನದ ಚಹಾದ ಪಂದ್ಯ ಈ ಕುಳಿಯ ಮೇಲೇ ಇರುತ್ತಿದ್ದುದರಿಂದ ದಿನವೂ ಅವನೇ ಗೆಲ್ಲುತ್ತಿದ್ದ.

"ಕಾಲುವಿ ಅಳದವಗ ಹನ್ನೆರಡ ಗಜ ತಿಳೀಲಿಲ್ಲಂದ್ರ ಯಾರ ನಂಬ್ತಾರ್ರಿ?" ಅಂದರು. "ನನಗ ನೂರಾ ಹದಿನೆಂಟ ಅಂತ ಹೇಳಿ, ತಾ ಈ ಕಡೆ ನಿಂದ್ರಿಸ್ತಿದ್ದ. ಒಂದ ಕಪ್ಪ ಚಹಾಕ್ಕ."

"ಹಂಗ ಇರಾಕಿಲ್ರಿ, ಕಾಕಾ."

"ಟೇಪ ಹಿಡದಾಕಿ ನೀವ. ಈಗ ನೀವ ಹಂಗ ಇರಾಕಿಲ್ಲ ಅಂದ್ರ ಹೆಂಗ?"

ಆಟ ಮುಂದುವರಿಯಲಿಲ್ಲ. ಅವರು ಚೆಂಡನ್ನು ಜೇಬಿಗೆ ಹಾಕಿಕೊಂಡು ಬಾಗಿಲ ಕಡೆ ನಡೆದರು. ಬಂದಾಗ ನಾಷ್ಟಾ ಮಾಡಿಸಿ ಕಳಿಸುತ್ತೇನೆ ಅಂದಿದ್ದರು. ಅದೂ ಅವರಿಗೆ ಮರೆತುಹೋಯಿತು. ಮಂಗಲ ಒಬ್ಬಳೇ ಟೇಪು ಸುತ್ತುತ್ತ ಹಿಂದೆ ಉಳಿದಳು. ಆಗ ಅವಳ ಕಣ್ಣಿಗೆ ಒಂದು ಬಿತ್ತು. ಕಟ್ಟೆಗಿಂತ ಹತ್ತಾರು ಹೆಜ್ಜೆ ಮುಂದೆ, ಹಾಸಿಗೆಯಷ್ಟು ಅಗಲದ ನೆಲದಲ್ಲಿ ಹುಲ್ಲಿನ ಬಣ್ಣವೇ ಬೇರೆಯಿತ್ತು. ಸುತ್ತಲಿನದಕ್ಕಿಂತ ಒರಟು, ನಡುನಡುವೆ ಗರಿಕೆ. ಯಾವಾಗಲೋ ತುಂಬಿ ಮುಚ್ಚಿದ ನೆಲ. ನೋಡಿದಳು, ಬಿಟ್ಟಳು, ಬಸ್ಸು ಹಿಡಿದಳು.

ಆ ವಾರ ಅವಳಿಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಅವಳು ಅಳೆಯಲು ಹೋಗಿದ್ದಳು, ಸರಿಯಾಗಿಯೇ ಅಳೆದಿದ್ದಳು. ಆದರೆ ಒಬ್ಬ ಮುದುಕನ ಹತ್ತಿರ ಉಳಿದಿದ್ದ ಒಬ್ಬನೇ ಗೆಳೆಯನನ್ನು, ಅವನು ಸತ್ತು ಎರಡು ವರ್ಷವಾದ ಮೇಲೆ, ತನ್ನ ಟೇಪು ಕಸಿದುಕೊಂಡಿತ್ತು. ತಕರಾರಿಗೆ ನಾಲ್ಕನೇ ಸಲವೂ ಒಂದು ಸಾಲಿನ ಉತ್ತರ ಬರೆದು ಕೂತಿದ್ದರೆ ಇದು ಆಗುತ್ತಿರಲಿಲ್ಲ. ತಾನು ಹೋದದ್ದಾದರೂ ಯಾಕೆ? ಅಳತೆಗೋಸ್ಕರವಲ್ಲ ಎಂದು ಅವಳಿಗೇ ಗೊತ್ತಿತ್ತು. ಯಾರೋ ಕರೆದರು, ಹೋದಳು.

ಶನಿವಾರ ಊಟದ ಹೊತ್ತಿಗೆ ಆ ಬೇರೆ ಬಣ್ಣದ ಹುಲ್ಲು ತಟ್ಟನೆ ನೆನಪಾಯಿತು. ಕೈತೊಳೆದು ಬಂದು ಮೈದಾನದ ಹಳೆಯ ಚಿತ್ರಗಳನ್ನು ತೆರೆದಳು. ಉಪಗ್ರಹ ವರ್ಷ ವರ್ಷ ತೆಗೆದ ಚಿತ್ರಗಳೆಲ್ಲ ಹಾಗೇ ಇರುತ್ತವೆ; ಅವಳು ಒಂದೊಂದಾಗಿ ಹಿಂದಕ್ಕೆ ಸರಿದಳು. ಎರಡು ಸಾವಿರದ ಹದಿನೈದರವರೆಗೂ ಕಟ್ಟೆ ಈಗಿನ ಜಾಗದಲ್ಲೇ ಇತ್ತು. ಹದಿನಾಲ್ಕರ ಮಳೆಗಾಲದ ನಂತರದ ಚಿತ್ರದಲ್ಲಿ ಅಲ್ಲಿ ಬರೀ ಕೆಂಪು ಮಣ್ಣು, ಇಳಿಜಾರು ಕುಸಿದ ಗುರುತು. ಹದಿಮೂರರಲ್ಲಿ ಕಟ್ಟೆ ಮುಂದಿತ್ತು. ಅಲ್ಲಿಂದ ಕುಳಿಗೆ ಅಳೆದರೆ ಸರಿಯಾಗಿ ನೂರಾ ಹದಿನೆಂಟು ಗಜ. ಕುಸಿದ ಮೇಲೆ ಕಟ್ಟೆಯನ್ನು ಹಿಂದಕ್ಕೆ ಕಟ್ಟಿ, ಹಳೆಯ ಹಲಗೆಯನ್ನೇ ಕಿತ್ತು ತಂದು ನೆಟ್ಟಿದ್ದರು.

ಅವಳು ಕೂಡಲೇ ಫೋನ್ ಮಾಡಿದಳು. ಆಬಾಸಾಹೇಬರು ಪೂರ್ತಿ ಕೇಳಿದರು. ಸಮಾಧಾನ ಆಗುತ್ತದೆ ಎಂದು ಅವಳು ಅಂದುಕೊಂಡಿದ್ದಳು.

"ಹದಿನಾಲ್ಕರಾಗ ನನಗ ಎದಿ ಆಪರೇಶನ್ ಆತ್ರಿ" ಅಂದರು ಅವರು. "ಒಂದ ವರ್ಷ ಮೈದಾನದ ಮಾರಿ ನೋಡಿಲ್ಲ ನಾ. ಅಂದ್ರ ನಾ ಹಾಸಿಗ್ಯಾಗ ಇದ್ದಾಗ ಇದು ಬದಲಾತು. ಬಂದಮ್ಯಾಲ ಅವ ನನಗ ಹೇಳ್ಲಿಲ್ಲ. ಏಳ ವರ್ಷ, ತಾಯಿ, ನಾ ಏನ ತಿಳಕೊಂಡಿದ್ದೆ ಗೊತ್ತೈತೇನು? ಎದಿ ಸೀಳಿದ ಮನಷ್ಯಾಗ ತೋಳಿನ ಬಲ ಹೋಗೇತಿ, ಅದಕ್ಕ ಚೆಂಡ ಮುಟ್ಟವಲ್ದು ಅಂತ. ಅವಗೂ ಹೇಳಿಲ್ಲ ಇದನ್ನ. ದೊಡ್ಡ ಕೋಲ ತಗೊಂಡ್ರ ತಿಳದಬಿಡ್ತೈತಿ ಅಂತ ಹಳೇ ಕೋಲಿಲೇನ ಹೊಡೀತಿದ್ದೆ. ಯಾರಿಗೂ ಹೇಳಿಲ್ಲ."

ಮಂಗಲ, "ಅವರ ಮನಿಯವರು ಅದಾರೇನ್ರಿ?" ಎಂದು ಕೇಳಿದಳು.

ಜಿನಗೊಂಡನ ಹೆಂಡತಿ ಹೀರಾಬಾಯಿ ಗಡಹಿಂಗ್ಲಜದಲ್ಲಿ ತವರಿನವರ ಮನೆಯ ಹಿಂಭಾಗದಲ್ಲಿ ಇರುತ್ತಾರೆ ಎಂದರು ಆಬಾಸಾಹೇಬರು. ಅವನು ಹೋದಾಗ ಮಾತಾಡಿಸಿ ಬಂದದ್ದೇ ಕೊನೆ. ಆಮೇಲೆ ಯಾವ ಮುಖ ಹೊತ್ತು ಹೋಗುವುದು, ಏನು ಮಾತಾಡುವುದು ಎಂದು ಹೋಗಿರಲೇ ಇಲ್ಲ.

"ಹೋಗೂಣ್ರಿ" ಅಂದಳು ಮಂಗಲ. "ನಾನೂ ಬರ್ತೇನಿ. ಆ ಕಡೆ ರಸ್ತಾ ನನಗ ಗೊತ್ತೈತಿ."

ಮುಂದಿನ ಬುಧವಾರ ಅವಳು ಹುಪರಿಯ ಮೇಲಿಂದ ಕಾಗಲಕ್ಕೆ ಬಂದು ನಿಂತಳು. ಆಬಾಸಾಹೇಬರು ಕಾರು ತಂದರು. ನಿಪಾಣಿ ದಾಟುವವರೆಗೂ ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಹಿಂದೆ ಕಾರು ನಿಧಾನವಾಗಿ ಹೋಯಿತು. ಗಡಹಿಂಗ್ಲಜ ಹತ್ತಿರವಾದಾಗ ಅವರು, "ಕೇಳಬೇಕೋ ಬ್ಯಾಡೋ?" ಅಂದರು. ಮಂಗಲ, "ನೀವ ನೋಡ್ರಿ, ಕಾಕಾ" ಅಂದಳು.

ಹೀರಾಬಾಯಿ ಅಂಗಳದಲ್ಲಿ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದರು. ಆಬಾಸಾಹೇಬರನ್ನು ನೋಡಿ ಸೆರಗು ಸರಿಮಾಡಿಕೊಂಡು ಎದ್ದರು. "ಬರ್ರಿ ಭಾವಜಿ. ದಾರಿ ತಪ್ಪಿ ಬಂದ್ರೇನು?" ಎಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಚಹಾ ಬಂತು. ಮಂಗಲ ಯಾರೆಂದು ಕೇಳಿದರು. ಮೈದಾನದ ನಕಾಶೆ ಬರೆಯುವವಳು ಎಂದಾಗ ಅವಳನ್ನೇ ಕುತೂಹಲದಿಂದ ನೋಡಿದರು.

"ಆ ಮೈದಾನ ನಾ ಒಂದಿನಾನೂ ನೋಡಿಲ್ಲವಾ" ಅಂದರು. "ಖರೆ ಎಲ್ಲಾ ಕುಳಿ ನನಗ ಬಾಯಿಪಾಠ ಅದಾವು."

"ಹೆಂಗ್ರಿ?"

"ಇವರು ಬೂಟಿನ ಲಾಡಿ ಕಟ್ಟುವಾಗ ದಿನಾ ಹೇಳ್ತಿದ್ರಲ್ಲ. ಒಂದನೇದು ಮುನ್ನೂರಾ ಹತ್ತು, ಎರಡನೇದು ಮುನ್ನೂರಾ ನಲವತ್ತೈದು, ಮೂರನೇದು ನೂರಾ ನಲವತ್ತು, ನಾಕನೇದು..." ಮಗ್ಗಿ ಒಪ್ಪಿಸುವವರಂತೆ ಅವರು ಒಂಬತ್ತನ್ನೂ ಹೇಳಿದರು. ಆರನೇದು ನೂರಾ ಹದಿನೆಂಟು. "ತಪ್ಪಿದ್ರ ನನಗ ತಿದ್ದಂತಿದ್ರು. ನಾ ಕೈಯಾಗ ಚೀಟಿ ಹಿಡಕೊಂಡ ನಿಂದರ್ತಿದ್ದೆ."

ಆಬಾಸಾಹೇಬರು ಚಹಾದ ಬಸಿ ಕೆಳಗಿಟ್ಟರು. "ಬಾಯಿಪಾಠ ಯಾಕ, ವೈನಿ? ಅವ ಕಣ್ಣಲೆ ನೋಡಿ ಹೇಳಾವಲ್ಲ."

ಹೀರಾಬಾಯಿ ಸೊಪ್ಪಿನ ಕಡ್ಡಿಗಳನ್ನು ಒಂದು ಕಡೆ ಸರಿಸಿದರು.

"ಕಣ್ಣ ಎಲ್ಲಿದ್ದುವ್ರಿ, ಭಾವಜಿ? ನೀವು ದವಾಖಾನ್ಯಾಗ ಇದ್ದ ವರ್ಷ ಸಕ್ಕರಿ ಬ್ಯಾನಿ ಕಣ್ಣಿಗೆ ಇಳೀತು. ಡಾಕ್ಟರ್‌ರು ಸೂಜಿ ಹಾಕಿದ್ರು, ಲೇಸರ ಮಾಡಿದ್ರು. ಕಾಲ ಬುಡದಾಗಿದ್ದ ಚೆಂಡ ಕಾಣ್ತಿತ್ತು, ಅದರಾಚೆ ಎಲ್ಲಾ ಧೂಳ ಹಾರಿಧಂಗ ಅಂತಿದ್ರು. ಆ ವರ್ಷ ಅವರೂ ಮೈದಾನಕ್ಕ ಹೋಗಿಲ್ಲ. ಮನ್ಯಾಗ ಗೋಡಿ ನೋಡಕೋಂತ ಕುಂತಿದ್ರು. ಆಮ್ಯಾಲ ನೀವು ಆರಾಮಾಗಿ, ಬಾರೋ ಅಂತ ಫೋನ್ ಮಾಡಿದ್ರಿ. ಹ್ವಾದ್ರು."

"ನನಗ ಹೇಳ್ಲಿಲ್ಲ ಅವ."

"ನಾ ಹೇಳ್ರಿ ಅಂದೆ. ಹೇಳಿದ್ರ ಆಬಾ ನನ್ನ ಮನ್ಯಾಗ ಕುಂದ್ರಸ್ತಾನ, ತಾ ಒಬ್ಬಾವ ಆಡಬೇಕಾಗ್ತೈತಿ, ಈಗಷ್ಟ ಸಾವ ಗೆದ್ದ ಬಂದಾನ, ಒಬ್ಬಾವ್ನ ಬಿಡಬಾರದು ಅಂದ್ರು. ನಿಮ್ಮ ಚೆಂಡ ಎಲ್ಲಿ ಬಿತ್ತು ಅನ್ನೂದನ್ನ ಸಪ್ಪಳದ ಮ್ಯಾಲ ಹೇಳ್ತಿದ್ರಂತ. ನೀರಿನ್ಯಾಗ ಬಿದ್ರ ನೀವು ಸುಮ್ಮನ ಆಗ್ತಿದ್ರೆಂತ, ಅದರ ಮ್ಯಾಲಿಂದ ತಿಳೀತಿತ್ತಂತ."

ಮಂಗಲಳಿಗೆ ಎಲ್ಲವೂ ತಿಳಿಯಾಯಿತು. ಕಟ್ಟೆ ಹಿಂದಕ್ಕೆ ಹೋದ ವರ್ಷ ಇಬ್ಬರೂ ಅಲ್ಲಿರಲಿಲ್ಲ. ಮರಳಿ ಬಂದಾಗ ಒಬ್ಬನಿಗೆ ಕಾಣುತ್ತಿರಲಿಲ್ಲ. ಇನ್ನೊಬ್ಬ ಕಾಣುವ ಕಣ್ಣಿದ್ದೂ ಗೆಳೆಯನ ಮಾತನ್ನೇ ನಂಬಿದ. ಹಳ್ಳದ ಆಚೆಗೇನಿದೆ ಎಂದು ಕಾಣದವನು ಈಚೆಗೇ ಚೆಂಡು ನಿಲ್ಲಿಸುವುದಲ್ಲದೆ ಇನ್ನೇನು ಮಾಡಿಯಾನು? ಏಳು ವರ್ಷ ಇಬ್ಬರೂ ಒಂದೇ ಹುಲ್ಲಿನ ಮೇಲೆ ಹೆಗಲಿಗೆ ಹೆಗಲು ಹಚ್ಚಿ ನಡೆದಿದ್ದರು, ಒಬ್ಬ ತನ್ನ ಕಣ್ಣಿನ ಮಾತು ಮುಚ್ಚಿಟ್ಟುಕೊಂಡು, ಇನ್ನೊಬ್ಬ ತನ್ನ ತೋಳಿನ ಮಾತು ಮುಚ್ಚಿಟ್ಟುಕೊಂಡು.

ಆಬಾಸಾಹೇಬರು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. "ನನ್ನ ಚೆಂಡ ಹುಡಕಿ ಕೊಡೋ ಅಂತಿದ್ದ, ವೈನಿ. ದಿನಾ. ಅಧಿಕಾರಿ ಆಗಿದ್ದಾವಲ್ಲ, ಸೊಕ್ಕ ಐತಿ, ಬಗ್ಗಾಕ ಬ್ಯಾಸರ ಅಂತ ತಿಳಕೊಂಡ ನಾ ಬೈತಿದ್ದೆ."

"ಬೈಸ್ಕೊಂಡ ಬಂದಿದ್ದನ್ನೂ ಹೇಳ್ತಿದ್ರು" ಅಂದರು ಹೀರಾಬಾಯಿ. ಅವರ ಮುಖದಲ್ಲಿ ನಗು ಬಂದು, ಅಲ್ಲೇ ನಿಂತಿತು. "ಆ ದಿವಸ ಊಟ ಚಲೋ ಮಾಡ್ತಿದ್ರು."

ಕೇಳಬೇಕೆಂದು ಬಂದದ್ದನ್ನು ಆಬಾಸಾಹೇಬರು ಕೇಳಲೇ ಇಲ್ಲ. ಹೊರಡುವಾಗ ಹೀರಾಬಾಯಿ ಮಂಗಲಳ ತಲೆ ಸವರಿ, ಬಿಡಿಸಿಟ್ಟ ಮೆಂತ್ಯೆ ಸೊಪ್ಪನ್ನೇ ಒಂದು ಹಾಳೆಯಲ್ಲಿ ಸುತ್ತಿ ಕೊಟ್ಟರು. ಕಾರಿನಲ್ಲಿ ನಿಪಾಣಿಯ ಹತ್ತಿರ ಆಬಾಸಾಹೇಬರು ರಸ್ತೆಯ ಬದಿಗೆ ನಿಲ್ಲಿಸಿ, ಕನ್ನಡಕ ಒರೆಸಿಕೊಂಡು, ಮತ್ತೆ ಹೊರಟರು. ಕಾಗಲದಲ್ಲಿ ಅವಳನ್ನು ಇಳಿಸುವಾಗ, "ಬುಧವಾರ ಬರ್ತೀರೇನ್ರಿ ಮೈದಾನಕ್ಕ?" ಅಂದರು. ಬರುತ್ತೇನೆ ಅಂದಳು.

ಚಳಿಗಾಲ, ಬೇಸಿಗೆ, ಅವಳು ಬುಧವಾರ ಬುಧವಾರ ಹೋದಳು. ಆಟ ಕಲಿಯಲಿಲ್ಲ, ಜೊತೆಗೆ ನಡೆದಳು. ಒಂಬತ್ತು ಕುಳಿಗೂ ಕೂತು ಹೊಸದಾಗಿ ಯೋಜನೆ ಹಾಕಿದಳು. ಎಲ್ಲಿ ಇಳಿಜಾರು ಚೆಂಡನ್ನು ತಾನೇ ಒಯ್ಯುತ್ತದೆ, ಎಲ್ಲಿ ನೇರ ಹೊಡೆಯುವುದಕ್ಕಿಂತ ಬದಿಯಿಂದ ಹೋಗುವುದು ಸುಲಭ ಎಂದು ಕಾಲಿನಿಂದ ತಿಳಿದು ಬರೆದದ್ದು. ಹಳೆಯ ಚಿತ್ರಗಳನ್ನು ಮೈದಾನದ ಕಚೇರಿಗೆ ತೋರಿಸಿ ಹಲಗೆಯನ್ನೂ ಬದಲಿಸಿದಳು. ಆಬಾಸಾಹೇಬರು ಆರನೇ ಕುಳಿಗೆ ದೊಡ್ಡ ಕೋಲು ತೆಗೆದುಕೊಂಡ ಮೊದಲ ದಿನ ಚೆಂಡು ಹಳ್ಳ ದಾಟಿ, ನುಣುಪು ಹುಲ್ಲಿನ ಮೇಲೆ ಬಿದ್ದು, ಕುಳಿಯ ಪಕ್ಕಕ್ಕೆ ಹೋಗಿ ನಿಂತಿತು. ಅವರ ತೋಳಿಗೆ ಏನೂ ಆಗಿರಲಿಲ್ಲ.

"ಮುಟ್ತ್ರಿ, ಕಾಕಾ" ಅಂದಳು ಮಂಗಲ.

"ಮುಟ್ತು" ಅಂದರು. ಕೋಲಿನ ಮೇಲೆ ಭಾರ ಹಾಕಿ ಬಹಳ ಹೊತ್ತು ಅದನ್ನೇ ನೋಡಿದರು. "ಈಗ ಬೈಯಾಕ ಯಾರೂ ಇಲ್ಲ ನೋಡ್ರಿ."

ಜೂನಿನಲ್ಲಿ ಮಳೆ ಹಿಡಿದ ಮೇಲೆ ಅವರ ಮೊಣಕಾಲು ಬಾತು ನಡೆಯುವುದು ಕಷ್ಟವಾಯಿತು. ಡಾಕ್ಟರು ಆಟ ಸಾಕು ಅಂದರು. ಅವರು ಕೋಲುಗಳ ಚೀಲವನ್ನು ಮೈದಾನದ ಕಚೇರಿಗೇ ಕೊಟ್ಟು ಜಯಸಿಂಗಪುರದ ತಮ್ಮಂದಿರ ಮನೆಗೆ ಹೋದರು. ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದರು, ಆಮೇಲೆ ಎರಡು ವಾರಕ್ಕೊಮ್ಮೆ. ಮಾತಾಡಲು ಮೈದಾನವಿಲ್ಲದಾಗ ಇಬ್ಬರಿಗೂ ವಿಷಯ ಬೇಗ ಮುಗಿಯುತ್ತಿತ್ತು. ಹೀರಾಬಾಯಿಯ ಹತ್ತಿರ ಒಮ್ಮೆ ಹೋಗಿ ಬಂದೆ ಎಂದು ಒಂದು ಸಲ ಹೇಳಿದರು. ಅಷ್ಟರಲ್ಲಿ ಕೇತನನಿಂದಲೂ ಸುದ್ದಿ ಬಂದಿತ್ತು. ಇನ್ನು ಮುಂದೆ ಚಿತ್ರದ ಮೇಲಿನ ಗೆರೆಯನ್ನು ಯಂತ್ರವೇ ಎಳೆಯುತ್ತದೆ; ಯಂತ್ರಕ್ಕೆ ಅನುಮಾನ ಬಂದ ಅಂಚುಗಳು ಮಾತ್ರ ಮಂಗಲತಾಯಿಗೆ ಬರುತ್ತವೆ. ಪೂರ್ತಿ ಮೈದಾನ ಈಗ ಅವಳಿಗೆ ಕಾಣುತ್ತಿರಲಿಲ್ಲ. ಎಲ್ಲಿಯದೋ ಒಂದು ಕೆರೆಯ ಮೂಲೆ, ಎಲ್ಲಿಯದೋ ಒಂದು ಮರದ ನೆರಳು. ಹೌದು, ಅಲ್ಲ ಎಂದು ಒತ್ತುವುದಷ್ಟೇ ಕೆಲಸ. ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು.

ಕೆಳಗಿನ ಮಾಣಿಕಬಾಯಿ ಹೊತ್ತು ಮುಳುಗುವ ಮುಂಚೆ ತಮ್ಮ ಊಟ ಮುಗಿಸಿ, ದಿನವೂ ಮೆಟ್ಟಿಲ ಬುಡದಲ್ಲಿ ನಿಂತು, "ಮಂಗಲಾ, ಊಟ ಆತೇನ?" ಎಂದು ಕೂಗುತ್ತಿದ್ದರು. ಆಗಿರಲಿ ಬಿಡಲಿ, ಏಳು ವರ್ಷವೂ ಮಂಗಲ ಮೇಲಿನಿಂದಲೇ "ಆತ್ರಿ" ಅನ್ನುತ್ತಿದ್ದಳು. ಶ್ರಾವಣದ ಒಂದು ಸಂಜೆ, ಮಗ್ಗಗಳಿಗೆ ಕರೆಂಟಿಲ್ಲದೆ ಓಣಿಯೆಲ್ಲ ಮೌನವಾಗಿದ್ದಾಗ, ಅವಳು "ಇಲ್ರಿ" ಅಂದಳು. ಅಂದ ಮೇಲೆ ಅವಳಿಗೇ ಗಾಬರಿಯಾಯಿತು.

"ಹಂಗಾರ ಕೆಳಗ ಬಾ."

ಮಾಣಿಕಬಾಯಿ ಬೆಳಗಿನ ರೊಟ್ಟಿ ಬಿಸಿಮಾಡಿ, ಪಲ್ಯ ಬಡಿಸಿ, ಎದುರಿಗೆ ಗೋಡೆಗೆ ಒರಗಿ ಕೂತರು. ಸ್ವಲ್ಪ ಹೊತ್ತು ನೋಡಿ, "ದಿನಾ ಮ್ಯಾಲ ಕುಂತ ಏನ ಮಾಡ್ತಿ ನೀ?" ಎಂದು ಕೇಳಿದರು. ಏಳು ವರ್ಷದಲ್ಲಿ ಈ ಪ್ರಶ್ನೆ ಇದೇ ಮೊದಲು.

ಮಂಗಲ ಹೇಳತೊಡಗಿದಳು. ಆಕಾಶದಿಂದ ತೆಗೆದ ಚಿತ್ರ, ಹುಲ್ಲು, ಗಜ, ಕೊಲ್ಹಾಪುರದ ಇಬ್ಬರು ಗೆಳೆಯರು, ಒಂದು ಹಳ್ಳ. ನಡುವೆ ಎಲ್ಲೋ ಮುದುಕಿಯ ತಲೆ ನಿಧಾನವಾಗಿ ಎದೆಗೆ ಬಾಗಿತು, ಉಸಿರು ಸಮನಾಯಿತು. ಮಂಗಲ ಅದನ್ನು ನೋಡಿದಳು. ಆದರೂ ನಿಲ್ಲಿಸದೆ, ದನಿ ತಗ್ಗಿಸಿಕೊಂಡು, ಕಡೆಯವರೆಗೂ ಹೇಳಿದಳು. ಆಮೇಲೆ ತಟ್ಟೆ ತೊಳೆದಿಟ್ಟು, ಬಾಗಿಲು ಮುಂದೆ ಮಾಡಿ ಮೇಲಕ್ಕೆ ಹೋದಳು.